ಪ್ರಾರ್ಥನೆಯಕ್ಕನ ನಲವತ್ತು ಗೀಟು

ಬೀಗದವನಿಗೆ ಜಂಬ ಜಾಸ್ತಿ ಎಂದು ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಜಂಬ ಪಡುವುದಕ್ಕೆ ಅವನ ಹತ್ತಿರ ಇದ್ದದ್ದಾದರೂ ಏನು? ನಾಲ್ಕಡಿ ಅಗಲದ ಅಂಗಡಿ, ಕೀಲಿಕೈ ಕೊರೆಯುವ ಒಂದು ಯಂತ್ರ, ಗೋಡೆಯ ಮೊಳೆಗಳಿಗೆ ನೇತುಹಾಕಿದ ನಾನೂರು ಕೀಲಿಕೈ, ಮತ್ತು ಕಂಡವರ ಬಾಗಿಲ ಮುಂದೆಲ್ಲ ಕೂತು ಎದ್ದು ಸವೆದುಹೋದ ಒಂದು ಮಂಡಿ. ಮನೆಯ ಹದಿನಾಲ್ಕು ಮೆಟ್ಟಿಲನ್ನು ಹತ್ತುವಾಗ ಅವನು ಮಗುವಿನ ಹಾಗೆ ಒಂದೇ ಕಾಲನ್ನು ಮುಂದಿಟ್ಟು ಹತ್ತುತ್ತಿದ್ದ. ಆದರೂ ಬೀದಿಯಲ್ಲಿ ನಡೆದರೆ ಎದೆ ಮುಂದೆ, ತಲೆ ಮೇಲೆ. ಕಾರಣ ಅಂಗಡಿಯಲ್ಲ, ಅವನ ಹೆಂಡತಿ.

ಊರಿನವರಿಗೆಲ್ಲ ಅವಳು ಪ್ರಾರ್ಥನೆಯಕ್ಕ. ಆ ಹೆಸರು ಬಿದ್ದದ್ದು ಚರ್ಚಿನಲ್ಲಿ ಎಂದುಕೊಂಡರೆ ತಪ್ಪು. ಬಿದ್ದದ್ದು ಆಸ್ಪತ್ರೆಯ ಹಿಂಭಾಗದ ಲಾಂಡ್ರಿಯಲ್ಲಿ, ಬಿಸಿ ಹಬೆ, ಸೋಪಿನ ಘಾಟು, ಒದ್ದೆ ಹಾಸುಬಟ್ಟೆಗಳ ರಾಶಿಯ ನಡುವೆ. ಹತ್ತೊಂಬತ್ತನೆಯ ವಯಸ್ಸಿಗೆ ಅವಳು ಅಲ್ಲಿ ಕೆಲಸಕ್ಕೆ ಸೇರಿದ್ದಳು. ಎರಡನೆಯ ವರ್ಷ ಜೊತೆಯ ಹೆಂಗಸಿನ ಕೈ ಇಸ್ತ್ರಿಯ ಉರುಳೆಗೆ ಸಿಕ್ಕಿಕೊಂಡಿತು. ಯಂತ್ರ ನಿಲ್ಲಿಸಿ ಕೈ ಬಿಡಿಸಿದರು. ಡಾಕ್ಟರು ಬರುವತನಕ ಆ ಹೆಂಗಸಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒದ್ದೆ ನೆಲದಲ್ಲೇ ಕೂತ ಹುಡುಗಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದಳು: "ಕರ್ತನೇ, ಇವಳಿಗೆ ನೋಯ್ತಾ ಇದೆ, ಬೇಗ ಬಾ." ಅಷ್ಟೇ. ಸುತ್ತ ನಿಂತಿದ್ದವರಲ್ಲಿ ದೇವರನ್ನು ನಂಬದವರೂ ಕಣ್ಣು ಒರೆಸಿಕೊಂಡರು. ಆ ಹೆಂಗಸಿನ ಎರಡು ಬೆರಳು ಹೋದವು, ಕೈ ಉಳಿಯಿತು. ಮರುದಿನದಿಂದ ವಾರ್ಡಿನಲ್ಲಿ ಯಾರಿಗೆ ಏನಾದರೂ "ಲಾಂಡ್ರಿ ಹುಡುಗಿನ ಕರೀರಿ" ಎನ್ನತೊಡಗಿದರು. ಹುಡುಗಿ ಅಕ್ಕನಾದಳು.

ಮೂವತ್ತೇಳು ವರ್ಷವಾಯಿತು. ಲಾಂಡ್ರಿಗೆ ಈಗ ಅವಳೇ ಮುಖ್ಯಸ್ಥೆ. ಚರ್ಚಿನಲ್ಲಂತೂ ಅವಳಿಲ್ಲದೆ ಹುಲ್ಲುಕಡ್ಡಿ ಅಲುಗುವುದಿಲ್ಲ. ಮದುವೆಯಾಗಲಿ, ಸಾವಾಗಲಿ, ಹೊಸ ಮನೆಯಾಗಲಿ, ಮೈಕಿನ ಮುಂದೆ ಪ್ರಾರ್ಥನೆಯಕ್ಕ ನಿಲ್ಲಬೇಕು. ನಿಂತಳೆಂದರೆ ಕೆಮ್ಮುವವರು ಕೆಮ್ಮು ನುಂಗಿಕೊಳ್ಳುತ್ತಿದ್ದರು. ದನಿ ಮೊದಲು ತಗ್ಗಿನಲ್ಲಿ, ಆಮೇಲೆ ನಿಧಾನವಾಗಿ ಮೇಲಕ್ಕೆ, ಕೊನೆಯಲ್ಲಿ ಒಂದು ನಡುಕ, ಆಮೇಲೆ ಆಮೆನ್. ಹಿಂದಿನ ಬೆಂಚಿನ ಅಜ್ಜಿಯರು ಮನೆಗೆ ಹೋದಮೇಲೂ ಆ ನಡುಕವನ್ನೇ ನೆನೆಯುತ್ತಿದ್ದರು. ಗಂಡ ಅದಕ್ಕೆ ಮೈಕಿನ ದನಿ ಎಂದು ಹೆಸರಿಟ್ಟಿದ್ದ. ಮನೆಯಲ್ಲಿ "ರೀ, ಚಪ್ಪಲಿ ಹೊರಗೆ ಬಿಡಿ ಅಂತ ಎಷ್ಟು ಸಲ ಹೇಳ್ಬೇಕು" ಎನ್ನುವ ದನಿಯೇ ಬೇರೆ. ಎರಡೂ ಒಂದೇ ಗಂಟಲಿನಿಂದ ಬರುತ್ತವೆ ಎಂದರೆ ಹೊಸಬರು ನಂಬುತ್ತಿರಲಿಲ್ಲ.

ಅವನಿಗೆ ಇದರಿಂದ ಲಾಭವಿರಲಿಲ್ಲವೇ? ಧಾರಾಳವಾಗಿತ್ತು. "ಪ್ರಾರ್ಥನೆಯಕ್ಕನ ಗಂಡ ಕಣ್ರೀ, ಕದ್ದು ಡೂಪ್ಲಿಕೇಟ್ ಮಾಡಿಟ್ಕೊಳ್ಳಲ್ಲ" ಎಂದು ಜನ ಕಣ್ಣುಮುಚ್ಚಿ ಮನೆಯ ಕೀಲಿಕೈ ಅವನ ಕೈಗಿಡುತ್ತಿದ್ದರು. ಚರ್ಚಿನಲ್ಲಿ ಮೊದಲ ಸಾಲಿನ ಬೆಂಚು ಅವನಿಗೆಂದೇ ಖಾಲಿ ಇರುತ್ತಿತ್ತು. ತಾನು ಮಾತ್ರ ನಾಲ್ಕು ಜನರೆದುರು ಪ್ರಾರ್ಥನೆ ಮಾಡು ಎಂದರೆ ಬೆವೆತುಹೋಗುತ್ತಿದ್ದ. ಒಂದೇ ಒಂದು ಸಲ ಚರ್ಚಿನ ಪಾದ್ರಿ ಅಯ್ಯನವರು ಬಲವಂತ ಮಾಡಿದಾಗ ಎದ್ದು ನಿಂತು, "ಕರ್ತನೇ... ಎಲ್ಲಾ ನಿನಗೇ ಗೊತ್ತು" ಎಂದು ಕೂತುಬಿಟ್ಟಿದ್ದ. ಜನ ಇವತ್ತಿಗೂ ಅದನ್ನು ಹೇಳಿ ನಗುತ್ತಾರೆ. ನಗಲಿ ಬಿಡಿ, ಮನೆಗೊಬ್ಬರು ಮಾತಾಡಿದರೆ ಸಾಲದೇ ಎನ್ನುವುದು ಅವನ ವಾದ.

ಪ್ರಾರ್ಥನೆ ಬೇಕೆಂದು ಕೇಳಿದವರ ವಿಷಯವನ್ನೆಲ್ಲ ಅವಳು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಬೆಳಗ್ಗೆ ಐದಕ್ಕೆದ್ದು, ಸ್ಟೌವಿನ ಮೇಲೆ ಚಹಾದ ನೀರಿಟ್ಟು, ಅಡುಗೆಮನೆಯ ಮೇಜಿಗೆ ಕೂತು, ಒಂದೊಂದು ಸಾಲಿಗೂ ಪ್ರಾರ್ಥಿಸಿ, ಅದರ ಮುಂದೆ ಆ ದಿನದ ಒಂದು ಪೆನ್ಸಿಲ್ ಗೀಟು ಎಳೆಯುವುದು ರೂಢಿ. ಗೀಟು ಹಾಕುವ ಅಭ್ಯಾಸ ಲಾಂಡ್ರಿಯದು. ಅಲ್ಲಿ ವಾರ್ಡುಗಳಿಂದ ಬರುವ ಪ್ರತಿ ಗಂಟಿನ ಜೊತೆ ಒಂದು ಚೀಟಿ ಇರುತ್ತದೆ: ಹಾಸುಬಟ್ಟೆ ಇಷ್ಟು, ದಿಂಬಿನ ಚೀಲ ಇಷ್ಟು. ಹೊಸ ಹುಡುಗಿಯರು ಒಂದೊಂದೇ ಬಿಚ್ಚಿ ನೋಡುತ್ತಾರೆ. ಅವಳು ಬಿಚ್ಚುವುದಿಲ್ಲ. ಗಂಟಿನ ಮೇಲೆ ಎಡಗೈ ಆಡಿಸಿದರೆ ಸಾಕು, ಬಲಗೈ ಸರಸರ ಗೀಟು ಹಾಕಿಕೊಂಡು ಹೋಗುತ್ತದೆ, ಬಾಯಿ ಇನ್ಯಾರದೋ ಜೊತೆ ಮಾತಾಡುತ್ತಿರುತ್ತದೆ. ಮೂವತ್ತೇಳು ವರ್ಷದಲ್ಲಿ ಒಂದು ದಿಂಬಿನ ಚೀಲವೂ ತಪ್ಪಿಹೋಗಿರಲಿಲ್ಲ. ಆ ಕೈಚಳಕದ ಬಗ್ಗೆಯೂ ಗಂಡನಿಗೆ ಜಂಬವೇ.

ಆ ಶನಿವಾರ ಬೀಗದವನ ಕಾಲು ನೆಲದ ಮೇಲಿರಲಿಲ್ಲ. ಚರ್ಚಿನ ಪಕ್ಕದಲ್ಲಿ ಹೊಸದಾಗಿ ಒಂದು ಪ್ರಾರ್ಥನಾ ಕೋಣೆ ಕಟ್ಟಿದ್ದರು, ಮರುದಿನ ಅದರ ಆರಂಭ. ಅದರ ಗೋಡೆಗೆ ಪ್ರಾರ್ಥನೆಯಕ್ಕನ ಫೋಟೋ ಹಾಕಬೇಕೆಂದು ಕಮಿಟಿಯವರು ತೀರ್ಮಾನಿಸಿದ್ದರು. ಫೋಟೋ ತೆಗೆಸಿದವನು ಅವನೇ, ಚೌಕಟ್ಟು ಹಾಕಿಸಿದವನೂ ಅವನೇ, ಗೋಡೆಗೆ ನಾಲ್ಕು ಸ್ಕ್ರೂ ಬಿಗಿದು ಕೂರಿಸಿ ಬಂದವನೂ ಅವನೇ. ಅವಳು "ನಂದ್ಯಾಕೆ ಫೋಟೋ" ಎಂದು ಒಂದು ಸಲ ಅಂದಳು. ಒಂದೇ ಸಲ. ಆಮೇಲೆ ಫೋಟೋದಲ್ಲಿ ಯಾವ ಬಟ್ಟೆ ಚೆನ್ನಾಗಿ ಬರುತ್ತದೆ ಎಂದು ಅವಳೇ ಅರ್ಧ ದಿನ ಕನ್ನಡಿಯ ಮುಂದೆ ನಿಂತಿದ್ದಳು.

ಮಧ್ಯಾಹ್ನ ಮೂರಕ್ಕೆ ಮೆಟ್ಟಿಲ ಮೇಲೆ ಸದ್ದಾಯಿತು. ಶಾಲೆಯ ಬಸ್ಸಿನ ಡ್ರೈವರು ಬಂದಿದ್ದ, ಎಂಟು ವರ್ಷದ ಮಗಳ ಕೈ ಹಿಡಿದುಕೊಂಡು.

"ಅಕ್ಕ, ನಾಳೆ ಸಭೇಲಿ ದೇವರು ಮಾಡಿದ ಉಪಕಾರಕ್ಕೆ ನಾನೇ ಸಾಕ್ಷಿ ಹೇಳ್ತೀನಿ. ಅದಕ್ಕೆ ಮುಂಚೆ ನಿಮ್ಮನ್ನ ನೋಡಿ ಹೋಗೋಣ ಅಂತ ಬಂದೆ," ಎಂದ. "ನಲವತ್ತು ದಿನ ದಿನಾ ಬೆಳಗ್ಗೆ ಐದಕ್ಕೆ ಎದ್ದು ನಮಗೋಸ್ಕರ ಕೂತ್ರಿ. ಅದಕ್ಕೇ ಇವಳು ಇವತ್ತು ಹೀಗಿದ್ದಾಳೆ. ಡಾಕ್ಟ್ರು ನಿನ್ನೆ ಕಟ್ಟು ಬಿಚ್ಚಿದ್ರು. ಈಗ ಪಿಸುಮಾತೂ ಕೇಳಿಸುತ್ತೆ."

ಪ್ರಾರ್ಥನೆಯಕ್ಕನ ಮುಖದ ಮೇಲಿದ್ದ ನಗು ಹಾಗೇ ಇತ್ತು, ಕಣ್ಣು ಮಾತ್ರ ಎಲ್ಲೋ ಹೋಯಿತು. "ಪಿಸುಮಾತಾ?" ಎಂದಳು.

"ಹೂಂ ಅಕ್ಕ. ಕಿವಿ ಆಪರೇಷನ್ ಅಲ್ವಾ," ಎಂದ ಡ್ರೈವರು. ಮಗಳು ಕೂದಲು ಸರಿಸಿ ಕಿವಿಯ ಹಿಂದಿನ ಗುಲಾಬಿ ಗೆರೆಯನ್ನು ತೋರಿಸಿದಳು.

ಅವಳು ಮಗುವಿನ ತಲೆ ಸವರಿದಳು, ಬಿಸ್ಕತ್ತು ಕೊಟ್ಟಳು, ದೇವರಿಗೆ ಸ್ತೋತ್ರ ಎಂದಳು. ಅವರು ಮೆಟ್ಟಿಲಿಳಿದು ಹೋದ ಮೇಲೆ ನೇರವಾಗಿ ಅಡುಗೆಮನೆಗೆ ಹೋಗಿ ನೋಟ್‌ಬುಕ್ ತೆರೆದಳು. ಗಂಡ ಹಿಂದೆಯೇ ಕುಂಟುತ್ತ ಬಂದ. ಪುಟದ ಮೇಲೆ ಅವಳದೇ ದುಂಡಗಿನ ಅಕ್ಷರ: ಬಸ್ ಡ್ರೈವರ್ ಮಗ, ಕಾಲು. ಅದರ ಮುಂದೆ ನಲವತ್ತು ಗೀಟು, ಒಂದಕ್ಕಿಂತ ಒಂದು ನೆಟ್ಟಗೆ.

"ಮಗ ಅಲ್ಲ, ಮಗಳು," ಎಂದಳು ಅವಳು. "ಕಾಲಲ್ಲ, ಕಿವಿ."

ಅವನಿಗೆ ನಗು ಬಂತು. "ಇಷ್ಟೇನಾ? ಬರ್ಕೊಳ್ಳುವಾಗ ತಪ್ಪಾಗಿದೆ. ಯಾವುದು ಕಾಲು ಯಾವುದು ಕಿವಿ ಅಂತ ದೇವರಿಗೆ ಗೊತ್ತಾಗಲ್ವಾ?"

"ಗೊತ್ತಾಗುತ್ತೆ. ನಾನು ಮಾತಾಡಿದ್ರೆ ತಾನೇ," ಎಂದಳು. "ಆವತ್ತು ಅವನು ಕಣ್ಣಲ್ಲಿ ನೀರು ತುಂಬ್ಕೊಂಡು ಹೇಳ್ತಿದ್ದ. ನಾನು ಪೆನ್ಸಿಲ್ ಹಿಡ್ಕೊಂಡು, ಚರ್ಚಲ್ಲಿ ಹಾಡು ಹೇಳಿಕೊಡೋ ಮೇಡಂ ನನ್ನ ಪ್ರಾರ್ಥನೆ ಹೊಗಳ್ತಾ ಇದ್ದದ್ದನ್ನ ಕೇಳಿಸ್ಕೊಳ್ತಾ ಇದ್ದೆ. ಆಮೇಲೆ ನಲವತ್ತು ದಿನ ಗೀಟು ಹಾಕಿದೀನಿ ರೀ. ಒಂದೇ ಒಂದು ದಿನ ನಿಜವಾಗಿ ಬೇಡ್ಕೊಂಡಿದ್ರೆ, ಭಾನುವಾರ ಅವನು ಸಿಕ್ಕಾಗ ಕಾಲು ಹೇಗಿದೆಯಪ್ಪಾ ಅಂತ ಬಾಯಿಗೆ ಬರ್ತಿರ್ಲಿಲ್ವಾ? ಬರ್ಲಿಲ್ಲ. ಯಾಕಂದ್ರೆ ನನ್ನ ತಲೇಲಿ ಆ ಮಗು ಇರ್ಲೇ ಇಲ್ಲ."

ಅವಳು ಹಿಂದಿನ ಪುಟ ತಿರುವಿದಳು, ಅದರ ಹಿಂದಿನದು ತಿರುವಿದಳು. ಎಲ್ಲ ಸಾಲಿಗೂ ಗೀಟು. ಬೆಳಗ್ಗೆ ಚಹಾ ಕುದಿಯುವಷ್ಟರಲ್ಲಿ ಮೂರು ಪುಟ ಮುಗಿಯುತ್ತಿದ್ದವು. ಗಂಟಿನ ಮೇಲೆ ಕೈ ಆಡಿಸುವ ಹಾಗೆ ಜನರ ನೋವಿನ ಮೇಲೂ ಕೈ ಆಡಿಸಿಕೊಂಡು ಬಂದಿದ್ದಳು. ಎಂದಿನಿಂದ ಎಂದು ನೆನಪು ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ.

"ನಾಳೆ ಹೇಳ್ಬಿಡ್ತೀನಿ," ಎಂದಳು.

ಬೀಗದವನು ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. "ಯಾರಿಗೆ?"

"ಎಲ್ಲರ ಮುಂದೆ. ಅವನು ಎಲ್ಲರ ಮುಂದೆ ತಾನೇ ನನಗೆ ಥ್ಯಾಂಕ್ಸ್ ಹೇಳೋದು."

ಅಲ್ಲಿಂದ ಶುರುವಾಯಿತು ನೋಡಿ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಅಷ್ಟು ಮಾತಾಡಿದ್ದೇ ಇಲ್ಲ. ದೇವರ ಹತ್ತಿರ ಗುಟ್ಟಾಗಿ ಹೇಳಿಕೊಂಡರೆ ಸಾಲದೇ ಎಂದ. ಆ ಬಡಪಾಯಿ ಡ್ರೈವರ ಮನಸ್ಸು ಯಾಕೆ ಮುರಿಯುತ್ತೀ ಎಂದ. ಕಮಿಟಿಯವರು ಏನಂದುಕೊಂಡಾರು, ಅಯ್ಯನವರ ಮರ್ಯಾದೆ ಏನಾದೀತು ಎಂದ. ಕೊನೆಗೆ ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂತು: "ಪ್ರಾರ್ಥನೆಯಕ್ಕನೇ ಸುಳ್ಳಿ ಅಂತಾದ್ರೆ ಅವಳ ಗಂಡನ ಕೈಗೆ ಮನೆ ಕೀಲಿಕೈ ಯಾರು ಕೊಡ್ತಾರೆ?"

ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ಅವಳು ಸಿಟ್ಟಾಗಲಿಲ್ಲ.

"ಅದೇ ರೀ," ಎಂದಳು. "ನಾವಿಬ್ಬರೂ ಆ ಹೆಸರನ್ನೇ ತಿಂದುಕೊಂಡು ಬದುಕ್ತಿದ್ದೀವಿ."

ಮರುದಿನ ಚರ್ಚು ತುಂಬಿತ್ತು. ಮೊದಲ ಸಾಲಿನಲ್ಲಿ ಬೀಗದವನು ಅಂಗೈ ಒರೆಸಿಕೊಳ್ಳುತ್ತ ಕೂತಿದ್ದ, ಪಕ್ಕದಲ್ಲಿ ನಿವೃತ್ತ ಮೇಷ್ಟ್ರು. ಹಾಡಾಯಿತು. ಡ್ರೈವರು ಬಂದು, ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ತೊದಲುತ್ತ ಸಾಕ್ಷಿ ಹೇಳಿದ. ಕೊನೆಯಲ್ಲಿ, "ಇದೆಲ್ಲ ನಮ್ಮ ಅಕ್ಕನ ಪ್ರಾರ್ಥನೆಯ ಫಲ" ಎಂದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಅಯ್ಯನವರು ನಗುತ್ತ, "ಅಕ್ಕ ಬಂದು ಪ್ರಾರ್ಥನೆ ಮಾಡ್ತಾರೆ, ಆಮೇಲೆ ಎಲ್ಲರೂ ಹೊಸ ಕೋಣೆಗೆ ಹೋಗೋಣ" ಎಂದರು.

ಅವಳು ಎದ್ದಳು. ಇನ್ನೂ ಕಾಲ ಮಿಂಚಿಲ್ಲ ಎಂದು ಗಂಡ ಮನಸ್ಸಿನಲ್ಲೇ ಹೇಳಿಕೊಂಡ. ಮೈಕು ಎದುರಿಗಿದೆ, ಜನ ಎದುರಿಗಿದ್ದಾರೆ, ಹಳೆಯ ಅಭ್ಯಾಸ ಅವಳನ್ನು ಎಳೆದುಕೊಂಡು ಹೋದರೂ ಹೋದೀತು. ಅವಳೂ ಒಂದು ಗಳಿಗೆ ತಡೆದು ನಿಂತಳು. ಮೈಕಿನ ದನಿ ಗಂಟಲಿಗೆ ಬಂದು ಕೂತದ್ದು ಅವನಿಗೆ ಕಾಣಿಸಿತು. ಅವಳು ಅದನ್ನು ನುಂಗಿದಳು. ಆಮೇಲೆ ಬಂದದ್ದು ಚಪ್ಪಲಿ ಹೊರಗೆ ಬಿಡಿ ಎನ್ನುವ ದನಿ.

"ಈ ಡ್ರೈವರ್ ತಮ್ಮ ನನಗೆ ಥ್ಯಾಂಕ್ಸ್ ಹೇಳಿದ. ಅದು ನನಗೆ ಸೇರಬೇಕಾದ್ದಲ್ಲ. ನಾನು ಆ ಮಗುಗೋಸ್ಕರ ಪ್ರಾರ್ಥನೆ ಮಾಡ್ಲಿಲ್ಲ. ನಲವತ್ತು ದಿನ ಪುಸ್ತಕದಲ್ಲಿ ಗೀಟು ಹಾಕಿದೆ. ಮಗಳನ್ನ ಮಗ ಅಂತ ಬರೆದಿದ್ದೆ, ಕಿವೀನ ಕಾಲು ಅಂತ ಬರೆದಿದ್ದೆ. ತಿರುಗಿ ನೋಡಿಯೂ ಇರ್ಲಿಲ್ಲ. ಆಸ್ಪತ್ರೆ ಹಾಸುಬಟ್ಟೆಗೆ ಗೀಟು ಹಾಕೋ ಹಾಗೆ ನಿಮ್ಮೆಲ್ಲರ ಕಷ್ಟಕ್ಕೂ ಗೀಟು ಹಾಕ್ತಾ ಬಂದಿದೀನಿ. ನಿಮ್ಮ ಮುಂದೆ ನಿಂತಾಗ ಮಾತ್ರ ಚೆನ್ನಾಗಿ ಮಾಡ್ತಿದ್ದೆ, ನೀವು ಕೇಳ್ತೀರ ಅಂತ. ಕೇಳಬೇಕಾದವನ ಹತ್ರ ಮಾತೇ ಬಿಟ್ಟಿದ್ದೆ. ನನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಿ. ಆ ಕೋಣೇಲಿ ನನ್ನ ಫೋಟೋ ಬೇಡ."

ಹಾಡಿನ ಮೇಡಂ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಡ್ರೈವರ ಮುಖ ಬಾಡಿಹೋಗಿತ್ತು. ಅವನು ಅಲ್ಲೇ, ವೇದಿಕೆಯ ಪಕ್ಕದಲ್ಲೇ ನಿಂತಿದ್ದ.

"ಏನಕ್ಕಾ ಹೀಗೆ ಹೇಳ್ಬಿಟ್ರಿ," ಎಂದ. "ದಿನಾ ಬಸ್ ತೆಗೆಯೋ ಮುಂಚೆ ಸ್ಟೇರಿಂಗ್ ಮೇಲೆ ತಲೆಯಿಟ್ಟು ನಾನೂ ಬೇಡ್ಕೊಳ್ತಿದ್ದೆ. ನನಗೆ ಸರಿಯಾಗಿ ಬರಲ್ಲ. ನನ್ನದು ಎಲ್ಲಿ ಮುಟ್ಟುತ್ತೆ, ಅಕ್ಕನದು ಇದೆಯಲ್ಲ ಅನ್ನೋ ಧೈರ್ಯದಲ್ಲಿದ್ದೆ."

"ನಿನ್ನದೇ ಕಣಪ್ಪಾ ಮುಟ್ಟಿರೋದು," ಎಂದಳು ಅವಳು. "ನಮ್ಮ ಮನೆಯಿಂದ ಏನೂ ಹೋಗಿರ್ಲಿಲ್ಲ."

ತನ್ನ ತೊದಲು ಮಾತೊಂದೇ ದೇವರ ಮುಂದೆ ಹೋಗಿ ನಿಂತಿತ್ತು ಎನ್ನುವುದು ನಿಧಾನವಾಗಿ ಡ್ರೈವರ ತಲೆಗೆ ಹತ್ತಿತು. ಮಗಳನ್ನು ಎತ್ತಿಕೊಂಡ. ಎಂಟು ವರ್ಷದ ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ? ಅವನು ಎತ್ತಿಕೊಂಡು, ತಲೆಯೆತ್ತಿ, ಚರ್ಚಿನ ಉದ್ದಕ್ಕೂ ನಡೆದು ತನ್ನ ಜಾಗಕ್ಕೆ ಹೋಗಿ ಕೂತ.

ಮೇಷ್ಟ್ರು ಬೀಗದವನ ಕಡೆ ಬಾಗಿದರು. "ಮನೆಯವರಿಗೆ ಹುಷಾರಿಲ್ವೇನ್ರಿ?" ಎಂದು ಕನಿಕರದಿಂದ ಕೇಳಿದರು.

ಹೂಂ ಅಂದುಬಿಡಬಹುದಿತ್ತು. ಸ್ವಲ್ಪ ಜ್ವರ, ನಿದ್ದೆಗೇಡು ಎಂದಿದ್ದರೆ ಅಲ್ಲಿಗೆ ಎಲ್ಲ ಮುಚ್ಚಿಹೋಗುತ್ತಿತ್ತು, ಅಂಗಡಿಯೂ ಉಳಿಯುತ್ತಿತ್ತು. ಹಿಂದಿನ ದಿನದ ಬೀಗದವನಾಗಿದ್ದರೆ ಅದನ್ನೇ ಹೇಳುತ್ತಿದ್ದ. ಆದರೆ ವೇದಿಕೆಯ ಮೇಲೆ ಕೈಕಟ್ಟಿ ಒಬ್ಬಳೇ ನಿಂತಿದ್ದ ಹೆಂಗಸನ್ನು ನೋಡುತ್ತಿದ್ದಂತೆ ಅವನ ಎದೆ ಉಬ್ಬಿ ಬಂತು. ಇವಳ ಹೊಗಳಿಕೆ ಕೇಳಿ ಎಷ್ಟೋ ಸಲ ಉಬ್ಬಿದ್ದ, ಆದರೆ ಇದು ಆ ಜಾತಿಯದಲ್ಲ. ಒದ್ದೆ ನೆಲದ ಮೇಲೆ ಕೂತಿದ್ದ ಹುಡುಗಿಯನ್ನು ಅವನು ನೋಡಿರಲಿಲ್ಲ, ಕೇಳಿದ್ದ ಅಷ್ಟೇ. ಈಗ ನೋಡಿದ.

"ಹುಷಾರಾಗಿದ್ದಾಳೆ ಮೇಷ್ಟ್ರೇ," ಎಂದ, ಹಿಂದಿನ ಮೂರು ಸಾಲಿಗೆ ಕೇಳುವ ಹಾಗೆ. "ನನ್ನ ಹೆಂಡ್ತಿ ಅವಳು."

ಸಭೆ ಮುಗಿದ ಮೇಲೆ ಅವನು ಹೊಸ ಕೋಣೆಗೆ ಹೋಗಿ, ಜೇಬಿನಲ್ಲಿ ಸದಾ ಇರುವ ಸ್ಕ್ರೂಡ್ರೈವರ್ ತೆಗೆದು, ತಾನೇ ಬಿಗಿದಿದ್ದ ನಾಲ್ಕು ಸ್ಕ್ರೂ ಬಿಚ್ಚಿದ. ಜನ ಬಾಗಿಲಲ್ಲಿ ನಿಂತು ನೋಡಿದರು. ಫೋಟೋವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಅವಳ ಪಕ್ಕದಲ್ಲಿ, ಎಂದಿಗಿಂತ ನೆಟ್ಟಗೆ ನಡೆದುಕೊಂಡು ಮನೆಗೆ ಹೊರಟ.

ಆಮೇಲೆ ಏನಾಯಿತು ಎಂದು ಕೇಳುವವರಿಗೆ ಇಷ್ಟು ಹೇಳಬಹುದು. ನಾಲ್ಕೈದು ಮನೆಯವರು ಬೀಗಕ್ಕೆ ಬೇರೆ ಅಂಗಡಿ ಹುಡುಕಿಕೊಂಡರು. ಮೈಕಿನ ಮುಂದೆ ಈಗ ಬೇರೊಬ್ಬರು ನಿಲ್ಲುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ. ಅವಳ ನೋಟ್‌ಬುಕ್ಕಿನಲ್ಲಿ ಆರೇ ಸಾಲು, ಗೀಟು ಒಂದೂ ಇಲ್ಲ. ಆರು ಮನೆಗೂ ವಾರಕ್ಕೊಮ್ಮೆ ಹೋಗಿ ಹೇಗಿದೆ ಎಂದು ಕೇಳಿ ಬರುತ್ತಾಳೆ. ಲಾಂಡ್ರಿಯಲ್ಲೂ ಈಗ ಗಂಟು ಬಿಚ್ಚಿಯೇ ನೋಡುತ್ತಾಳಂತೆ, ಹೊಸ ಹುಡುಗಿಯರು ಬೆನ್ನ ಹಿಂದೆ ನಗುತ್ತಾರೆ.

ಆದರೆ ಆ ಭಾನುವಾರ ಮಧ್ಯಾಹ್ನದ ಮಾತು ಹೇಳದೆ ಮುಗಿಸುವ ಹಾಗಿಲ್ಲ. ಅವಳು ಮುಂದಾಗಿ ಮೆಟ್ಟಿಲು ಹತ್ತಿ, ಬಾಗಿಲು ತೆರೆದು, ಅಡುಗೆಮನೆಯ ಮೇಜಿಗೆ ಕೂತಿದ್ದಳು. ನೋಟ್‌ಬುಕ್ಕಿನ ಆ ಪುಟ ತೆರೆದೇ ಇತ್ತು. ಕಾಲು ಎಂಬ ಆ ತಪ್ಪು ಪದವನ್ನು ಅಳಿಸಲು ರಬ್ಬರ್ ಕೈಗೆತ್ತಿಕೊಂಡಳು. ಅಷ್ಟರಲ್ಲಿ ಕೆಳಗಿನಿಂದ ಗಂಡ ಹತ್ತಿ ಬರುವ ಸದ್ದು ಕೇಳಿಸಿತು: ಒಂದು ಹೆಜ್ಜೆ ಭಾರ, ಒಂದು ಎಳೆತ, ನಡುವೆ ಕಂಬಿಗೆ ಬಿದ್ದ ಕೈ. ಎಷ್ಟೋ ದಿನದಿಂದ ಕಿವಿಗೆ ಬೀಳುತ್ತಿದ್ದ ಸದ್ದೇ. ಅವಳು ರಬ್ಬರ್ ಕೆಳಗಿಟ್ಟಳು.

"ರೀ, ಯಾಕೆ ಹಾಗೆ ಹತ್ತುತ್ತೀರಾ?"

"ಏನಿಲ್ಲ, ಮಂಡಿ," ಎಂದ ಅವನು ಬಾಗಿಲಲ್ಲಿ ನಿಂತು.

"ಯಾವ ಮಂಡಿ?"

"ಎಡಗಡೇದು."

"ಯಾವಾಗಿಂದ?"

ಅವನು ಫೋಟೋವನ್ನು ಗೋಡೆಗೆ ಆನಿಸಿಟ್ಟ, ಹಿಂಭಾಗ ಹೊರಗಾಗಿ. "ಎರಡು ವರ್ಷ ಆಯ್ತೇನೋ," ಎಂದ. "ನೀನು ಬಿಜಿ ಇದ್ದೆಯಲ್ಲ."

ಅವಳ ಕಣ್ಣು ತುಂಬಿ ಹರಿಯಿತು. ಎದ್ದು ಬಂದು ಅವನನ್ನು ಕುರ್ಚಿಯಲ್ಲಿ ಕೂರಿಸಿ, ತಾನು ನೆಲದ ಮೇಲೆ ಕೂತು, ಆ ಎಡಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದಳು. ದೊಡ್ಡ ಮಾತೊಂದೂ ಬರಲಿಲ್ಲ. ದನಿ ಏರಲಿಲ್ಲ, ಮೂಗು ಸೋರುತ್ತಿತ್ತು.

"ಕರ್ತನೇ, ಇವರಿಗೆ ನೋಯ್ತಾ ಇದೆ," ಎಂದಳು. ಮಂಡಿ ಬಿಡದೆ ಅದನ್ನೇ ಮತ್ತೆ ಹೇಳಿದಳು.

ಬೀಗದವನು ಅವಳ ತಲೆಯ ಮೇಲೆ ಕೈಯಿಟ್ಟ. ಮೂವತ್ತು ವರ್ಷದಲ್ಲಿ ಅವಳು ಮಾಡಿದ ಎಲ್ಲ ಪ್ರಾರ್ಥನೆಗಳನ್ನೂ ಮೊದಲ ಸಾಲಿನಲ್ಲಿ ಕೂತು ಕೇಳಿದವನು ಅವನು. ಆಮೆನ್ ಎಂದು ಗಟ್ಟಿಯಾಗಿ ಹೇಳಿದ್ದು ಇದೇ ಮೊದಲು.